ಹಡಗಿಗೆ ಹಡಗು ಅಡ್ಡ

ವಾಡಿ ಜಂಕ್ಷನ್ನಿಗೆ ಹತ್ತಿರದ ರಾವೂರಿಗೆ ಯಾವ ದಿಕ್ಕಿನಿಂದಲೂ ಕಡಲು ಹತ್ತಿರವಿಲ್ಲ. ಗೋವೆಯ ಕಡೆ ಹೊರಟರೂ ಆಂಧ್ರದ ಕಡೆ ಹೊರಟರೂ ರೈಲಿನಲ್ಲಿ ಒಂದು ರಾತ್ರಿ ಕಳೆಯಬೇಕು. ಇಲ್ಲಿನ ಮಾತೆಲ್ಲ ಪರಸಿ ಕಲ್ಲು, ಸಿಮೆಂಟು, ತೊಗರಿ ಧಾರಣೆ. ಅಂಥ ಊರಿನ ಒಂದು ಮನೆಯ ಕಟ್ಟೆಯ ಮೇಲೆ ತಿಮಿಂಗಿಲದ ಬಗ್ಗೆ ಜಗಳವೇ ನಡೆಯಿತು ಎಂದರೆ ನಂಬುವುದು ಕಷ್ಟ. ಮಾತಾಡಿದವರು ಇಬ್ಬರು. ಒಬ್ಬರು ಹರೆಯದಲ್ಲಿ ಪರಸಿ ಗಣಿಯಲ್ಲಿ ದುಡಿದು, ಆಮೇಲೆ ಒಣ ಬೇಸಾಯಕ್ಕೆ ಇಳಿದು, ತೊಂಬತ್ತರ ದಶಕದಲ್ಲಿ ಹಸಿರು ಶಾಲು ಹೊದ್ದು ಓಡಾಡಿದ ಮುತ್ಯಾ. ಇನ್ನೊಬ್ಬಳು ಕಲಬುರಗಿಯಲ್ಲಿ ಕಾನೂನು ಓದುತ್ತಿರುವ ಅವರ ಮೊಮ್ಮಗಳು. ಮಕ್ಕಳಿಗೆ ಪಾಠ ಹೇಳಿ ಗಳಿಸಿದ ದುಡ್ಡಿನಲ್ಲಿ ತಿಂಗಳಿಗಿಷ್ಟು ಕಡಲಿನ ಹೋರಾಟಗಾರರಿಗೆ ಕಳಿಸುತ್ತೇನೆಂದು ಅವಳು ಊಟದ ಹೊತ್ತಿಗೆ ಹೇಳಿದ್ದೇ ಮೂಲ. ಕೈತೊಳೆದು ಕಟ್ಟೆಗೆ ಬಂದ ಮೇಲೆ ಮುದುಕರು ಎಳೆ ಹಿಡಿದರು.

ಮುತ್ಯಾ: ತಿಂಗಳಿಗೆ ಮುನ್ನೂರು ರೂಪಾಯಿ. ಯಾರಿಗೆ ಅಂದಿ?

ಮೊಮ್ಮಗಳು: ಪಾಲ್ ವಾಟ್ಸನ್ ಅಂತ, ಕೆನಡಾದಾವ. ತಿಮಿಂಗಿಲ ಹೊಡಿಯೋ ಹಡಗಿಗೆ ತನ್ನ ಹಡಗು ಅಡ್ಡ ಹಾಕ್ತಾನ. 1977ರಾಗ ಸೀ ಶೆಫರ್ಡ್ ಅನ್ನೋ ಸಂಘ ಕಟ್ಟಿದ. 2022ರಾಗ ಅದನ್ನ ಬಿಟ್ಟು ಬ್ಯಾರೆ ಸಂಸ್ಥಾ ಮಾಡ್ಯಾನ.

ಮುತ್ಯಾ: ಕಟ್ಟಿದ ಸಂಘ ಬಿಟ್ಟು ಇನ್ನೊಂದು ಕಟ್ಟಿದ. ಹಂಗಾದ್ರ ಖರೇನೇ ಹೋರಾಟಗಾರ ಇರಬೇಕು! ನಮ್ಮ ರೈತ ಸಂಘ ಎಷ್ಟು ಹೋಳಾತು ಅಂತ ನನಗೇ ಲೆಕ್ಕ ಸಿಗವಲ್ದು.

ಮೊಮ್ಮಗಳು: ನಗಬ್ಯಾಡ ಮುತ್ಯಾ. ಎಪ್ಪತ್ಮೂರು ವಯಸ್ಸಿನ್ಯಾಗ ಜೈಲಿಗೆ ಹೋಗ್ಯಾನ. 2024ರ ಜುಲೈ 21ಕ್ಕ ಗ್ರೀನ್‌ಲ್ಯಾಂಡಿನ ನೂಕ್ ಬಂದರಿನಾಗ ಎಣ್ಣಿ ತುಂಬಿಸ್ಲಕ ಹಡಗು ನಿಲ್ಲಿಸಿದ್ದ. ಪೊಲೀಸರು ಹಡಗು ಹತ್ತಿ ಕೋಳ ಹಾಕಿದ್ರು. ಜಪಾನಿನ ವಾರಂಟು, 2010ರ ಹಳೇ ಕೇಸು. ಜಪಾನಿಗೆ ಒಪ್ಪಿಸಂಗಿಲ್ಲ ಅಂತ ಡೆನ್ಮಾರ್ಕ್ ಸರ್ಕಾರ ಹೇಳೋತನಕ, ಡಿಸೆಂಬರ್ 17ರವರೆಗೂ ಒಳಗೇ ಇದ್ದ.

ಮುತ್ಯಾ: ಇರಲಿ. ತಿಮಿಂಗಿಲ ಅಂದ್ರ ನನಗ ಪೇಪರಿನಾಗಿಂದೇ ಗೊತ್ತು. ಬೆಂಗಳೂರಾಗ ತಿಮಿಂಗಿಲದ ವಾಂತಿ ಮಾರ್ಲಕ ಹೋಗಿ ಸಿಕ್ಕಿಬಿದ್ರು ಅಂತ ಆಗಾಗ ಬರ್ತದ. ಅದು ಬಿಟ್ರ ನಮಗೂ ಅದಕ್ಕೂ ಏನ್ ಸಂಬಂಧ? ಕಡಲು ಎಲ್ಲಿ, ರಾವೂರ ಎಲ್ಲಿ.

ಮೊಮ್ಮಗಳು: ನೀ ಕುಂತಿದ್ದೇ ಕಡಲಿನ ತಳದ ಮ್ಯಾಲ. ಈ ಪರಸಿ ಅಂದ್ರ ಏನಂತ ಮಾಡಿ? ಐವತ್ತು ಕೋಟಿ ವರ್ಷಕ್ಕೂ ಹಿಂದ ಶಹಾಬಾದ, ಸೇಡಂ, ಚಿತ್ತಾಪುರ ಎಲ್ಲಾ ನೀರಿನ ಕೆಳಗ ಇದ್ದವು. ಆ ಸಮುದ್ರದ ಸುಣ್ಣ ಪದರ ಪದರ ಕುಂತು ಈ ಕಲ್ಲಾಗ್ಯದ.

ಮುತ್ಯಾ: ಪದರಿಗೆ ಉಳಿ ಇಟ್ಟು ಎಬ್ಬಿಸಿದಾವ ನಾನು, ನನಗ ಹೇಳ್ತಿ. ಅವಾಗ ತಿಮಿಂಗಿಲ ಇತ್ತೇನು?

ಮೊಮ್ಮಗಳು: ತಿಮಿಂಗಿಲ ಬಿಡು, ಮೀನೂ ಇರಲಿಲ್ಲ.

ಮುತ್ಯಾ: ಮತ್ತ ಯಾಕ ನಡಕ ತಂದಿ? ಸಂಬಂಧ ಕೂಡಸ್ಲಕ ಕಲ್ಲು ಅಗೀಬ್ಯಾಡ. ನನಗ ಸಂಬಂಧ ಇಲ್ಲ ಅನ್ನೋದು ತಕರಾರಲ್ಲ. ಸಂಬಂಧ ಇಲ್ಲದ್ದಕ್ಕೂ ಮನುಷ್ಯಾ ಮರಗಬಹುದು. ನನ್ನ ತಕರಾರು ಅಡ್ಡ ಹಾಕೋದರದ್ದು. ಹೊಡಿಯೋದು ತಪ್ಪಂತ ಕಾನೂನು ಅದೋ ಇಲ್ಲೋ?

ಮೊಮ್ಮಗಳು: ಅದ. ಅಂತಾರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ಅಂತ 1946ರ ಒಪ್ಪಂದದ್ದು. ಆ ಶತಮಾನ ಒಂದರಾಗೇ 29 ಲಕ್ಷದ ಸನೇಕ ತಿಮಿಂಗಿಲ ಕೊಂದಾರ. ಕಡೀಕ 1982ರಾಗ ವೋಟು ಹಾಕಿ, 1986ರಿಂದ ವ್ಯಾಪಾರದ ಬೇಟೆ ಬಂದ್ ಅಂದ್ರು. ನಮ್ಮ ದೇಶ 1981ರಾಗೇ ಆಯೋಗ ಸೇರಿತ್ತು. ನಾರ್ವೆ ನಮಗ ಒಪ್ಪಿಗಿ ಇಲ್ಲಂತ ಬರದು ಕೊಟ್ಟು, 1993ರಿಂದ ಮತ್ತ ಶುರು ಮಾಡ್ತು. ಜಪಾನು ಸಂಶೋಧನಾ ಅನ್ನೋ ಹೆಸರಿನಾಗ ದಕ್ಷಿಣ ಧ್ರುವದ ಕಡಲಿಗೆ ಹೋಗಿ ವರ್ಷಕ್ಕ ನೂರಾರು ಹೊಡೀತು. ಮಾಂಸ ಅಂಗಡಿಗೆ ಬರ್ತಿತ್ತು.

ಮುತ್ಯಾ: ಕಾನೂನು ಅದ, ಸರ್ಕಾರ ಪಾಲಸವಲ್ದು, ಹಂಗಂತ ನಾವೇ ನಿಂತು ಪಾಲಸ್ತೀವಿ. ಇದನ್ನೇ ಹೇಳ್ತಿ ಹೌದಲ್ಲೋ?

ಮೊಮ್ಮಗಳು: ಹೌದು.

ಮುತ್ಯಾ: ರಾತ್ರಿ ಹೈವೇದಾಗ ದನದ ಗಾಡಿ ತಡಿಯೋ ಹುಡುಗರೂ ಇದೇ ಮಾತು ಹೇಳ್ತಾರ. ಗೋಹತ್ಯಾ ನಿಷೇಧ ಕಾನೂನು 2020ರಾಗ ಆಗ್ಯದ, ಪೊಲೀಸರು ಸುಮ್ಮ ಕುಂತಾರ, ಅದಕ್ಕ ನಾವು ರೋಡಿಗೆ ಇಳದೀವಿ ಅಂತ. ಡ್ರೈವರನ್ನ ಕೆಳಗ ಎಳದು ಬಡೀತಾರ. ಹೆಣ ಬಿದ್ದದ್ದೂ ಓದೀವಿ. ನಿನ್ನ ಕಪ್ತಾನಗೂ ಅವರಿಗೂ ಫರಕ್ ಏನದ, ಬಿಡಿಸಿ ಹೇಳು.

ಮೊಮ್ಮಗಳು: ಅದು ಮನುಷ್ಯಾನ ಮ್ಯಾಲ ಕೈ ಮಾಡೋದು. ಇದು ಹಡಗಿನ ಮ್ಯಾಲ. ದೊಡ್ಡ ಫರಕದು.

ಮುತ್ಯಾ: ಹಡಗಿನಾಗ ಮನುಷ್ಯಾರು ಇರಂಗಿಲ್ಲೇನು?

ಮೊಮ್ಮಗಳು: ಇರ್ತಾರ. ಅದಕ್ಕೇ ಅವರು ನೋಡಿ ಮಾಡ್ತಾರ. 1986ರಾಗ ಐಸ್‌ಲ್ಯಾಂಡಿನ ರೇಕ್ಯಾವಿಕ್ ಬಂದರಿನಾಗ ರಾತ್ರೋರಾತ್ರಿ ಎರಡು ಬೇಟೆ ಹಡಗು ಮುಳುಗಿಸಿದ್ರು. ಮೂರನೇದರಾಗ ಕಾವಲುಗಾರ ಇದ್ದಾನಂತ ತಿಳದು ಅದನ್ನ ಮುಟ್ಟಲಿಲ್ಲ. ಕಡಲಿನಾಗ ಮಾಡೋದು ಬೇಟೆ ಹಡಗಿನ ಪಂಕಾಕ್ಕ ಹಗ್ಗ ಸಿಕ್ಕಸೋದು, ತಾಯಿ ಹಡಗಿನ ಹಿಂದಿನ ಇಳಿಜಾರಿಗೆ ಅಡ್ಡ ನಿಂತು ಸತ್ತ ತಿಮಿಂಗಿಲ ಮ್ಯಾಲ ಎಳೀಲಾರದಂಗ ಮಾಡೋದು, ನಾರೋ ಬ್ಯುಟಿರಿಕ್ ಆಮ್ಲದ ಬಾಟ್ಲಿ ಹಡಗಿನ ಮ್ಯಾಲ ಒಗಿಯೋದು.

ಮುತ್ಯಾ: ಆಮ್ಲ ಅಂದ್ರ ಆಸಿಡ್ಡು. ಅದು ಯಾರಿಗೂ ತಾಕಿಲ್ಲ?

ಮೊಮ್ಮಗಳು: (ತಡೆದು) ತಾಕ್ಯದ. 2010ರ ಜನವರಿಯಾಗ ಅವರ ಆಡಿ ಗಿಲ್ ಅನ್ನೋ ಸಣ್ಣ ಹಡಗಿಗೂ ಜಪಾನಿನ ಶೋನನ್ ಮಾರುಗೂ ಡಿಕ್ಕಿ ಆತು. ಆಡಿ ಗಿಲ್ ಮುಳುಗ್ತು. ಅದರ ಕಪ್ತಾನ ಪೀಟ್ ಬೆಥೂನ್ ಮುಂದ ಒಂದು ರಾತ್ರಿ ಆ ಜಪಾನಿ ಹಡಗು ಹತ್ತಿ, ನನ್ನ ಹಡಗಿನ ಖರ್ಚು ಕೊಡ್ರಿ ಅಂತ ನಿಂತ. ಹಿಡದು ಟೋಕಿಯೊಕ್ಕ ಒಯ್ದ್ರು. ಬಾಟ್ಲಿ ಆಮ್ಲದಿಂದ ಒಬ್ಬ ಖಲಾಶಿಗೆ ಗಾಯ ಆತಂತ ಹಲ್ಲೆ ಕೇಸೂ ಸಾಬೀತಾತು. ಎರಡು ವರ್ಷದ ಶಿಕ್ಷಾ, ಆದ್ರ ಜೈಲಿಗೆ ಹಾಕದಂಗ ತಡದು ದೇಶಕ್ಕ ಕಳಿಸಿದ್ರು. 2013ರಾಗ ಅಮೆರಿಕಾದ ಒಂದು ಮೇಲಿನ ಕೋರ್ಟು ಈ ಸಂಘದವರ ಕೆಲಸಕ್ಕ ಕಡಲ್ಗಳ್ಳತನ ಅಂತೇ ಹೆಸರಿಟ್ಟದ. ನಾ ಮುಚ್ಚಿಡಂಗಿಲ್ಲ.

ಕಾನೂನು ಓದುವವರಲ್ಲಿ ಇದೊಂದು ಗುಣವನ್ನು ನಾನು ಕಂಡಿದ್ದೇನೆ. ತಮ್ಮ ಕಡೆಗೆ ಹಾನಿಯಾಗುವ ತೀರ್ಪನ್ನೂ ತಾವೇ ಎತ್ತಿ ಹೇಳುತ್ತಾರೆ. ಆದರೆ ಅಷ್ಟಕ್ಕೇ ಬಿಡುವವಳಲ್ಲ ಈ ಹುಡುಗಿ. ಮುದುಕರು ಎಲೆ-ಅಡಿಕೆ ಚೀಲ ಬಿಚ್ಚುವಷ್ಟರಲ್ಲಿ ಮನೆಯ ಇತಿಹಾಸಕ್ಕೇ ಕೈ ಹಾಕಿದಳು.

ಮೊಮ್ಮಗಳು: ನಿಮ್ಮಪ್ಪನ ಕಾಲದ ಕಥಿ ನೀನೇ ಹೇಳಿದ್ದು. 1947ರಾಗ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನವರು ಸಿಂದಿ ಗಿಡ ಕಡದ್ರು, ಗಡಿಯಾಗಿನ ಸುಂಕದ ನಾಕಾ ಸುಟ್ರು. ನಿಜಾಮನ ಖಜಾನಿಗೆ ಬರೋ ರೊಕ್ಕ ಕಡೀಬೇಕಂತ. ಅವನ ದಫ್ತರದಾಗ ಅವರೆಲ್ಲಾ ಡಾಕುಗಳು. 1948ರ ಸೆಪ್ಟೆಂಬರ್ 17 ದಾಟಿದ ಮ್ಯಾಲ ಅದೇ ಮಂದಿ ಸ್ವಾತಂತ್ರ್ಯ ಯೋಧರಾದ್ರು, ಪಿಂಚಣಿ ಬಂತು. ಸರ್ದಾರ ಶರಣಗೌಡ ಇನಾಮದಾರರ ಹೆಸರು ಹೇಳುವಾಗ ನೀ ಇವತ್ತಿಗೂ ಎದ್ದು ಕೂಡ್ತಿ. ಗಿಡ ಕಡದದ್ದು, ನಾಕಾ ಸುಟ್ಟದ್ದು ತಪ್ಪೇನು?

ಮುತ್ಯಾ: ಆ ನಾಕಾದ ಜೋಡಿ ವಾಟ್ಸನ್ನನ ಹಡಗು ಕಟ್ಟಬ್ಯಾಡ. ನಿಜಾಮನ ರಾಜ್ಯದಾಗ ವೋಟು ಇರಲಿಲ್ಲ. ಕೋರ್ಟಿಗೆ ಹೋದ್ರ ಕೋರ್ಟೂ ಅವಂದೇ. ಅವರಿಗೆ ಬ್ಯಾರೆ ದಾರಿ ಇರಲಿಲ್ಲ. ಮ್ಯಾಲ ರಜಾಕಾರರು ಬಂದು ಸುಟ್ರ ಸುಡ್ತಿದ್ದದ್ದು ಅವರ ಮನೀನೇ. ನಿನ್ನ ಕಪ್ತಾನಗ ವೋಟು ಅದ, ಕೋರ್ಟು ಅದ, ಟೀವಿ ಅದ.

ಮೊಮ್ಮಗಳು: ತಿಮಿಂಗಿಲಕ್ಕ ಯಾವ ವೋಟು ಅದ? ಆ ಆಯೋಗಕ್ಕ ಪೊಲೀಸರಿಲ್ಲ, ಜೈಲಿಲ್ಲ, ದಂಡ ಹಾಕೋ ಅಧಿಕಾರ ಇಲ್ಲ. ಒಪ್ಪಿಗಿ ಇಲ್ಲಂತ ಬರದು ಕೊಟ್ರ ಕಾನೂನು ಅವರಿಗೆ ಹತ್ತಂಗೇ ಇಲ್ಲ. ಎಷ್ಟು ಟೊಳ್ಳದ ಕೇಳು. 1966ರಾಗ ಸೋವಿಯತ್ ಹಡಗು ನಮ್ಮ ಅರಬ್ಬಿ ಸಮುದ್ರಕ್ಕೇ ಬಂದು, ಒಮಾನು, ಪಾಕಿಸ್ತಾನ, ಗುಜರಾತದ ಕಡಿ 238 ಗೂನುಬೆನ್ನಿನ ತಿಮಿಂಗಿಲ ಹೊಡದು ಒಯ್ದವು. ಕದ್ದು. ಲೆಕ್ಕದಾಗ ಸುಳ್ಳು ಬರದ್ರು. ಹಡಗಿನ ಮ್ಯಾಲ ಇದ್ದ ಇನ್‌ಸ್ಪೆಕ್ಟರನೂ ಅವರ ದೇಶದಾವನೇ. ಸೋವಿಯತ್ ಮುರದು ಬಿದ್ದ ಮ್ಯಾಲ, ಆ ಹಡಗಿನಾಗಿದ್ದ ವಿಜ್ಞಾನಿಗಳೇ ಖರೇ ಲೆಕ್ಕ ಹೊರಗ ತಂದ್ರು. ಬರೇ ಆ ಒಂದು ದೇಶ ಮುಚ್ಚಿಟ್ಟದ್ದು ಒಂದೂ ಮುಕ್ಕಾಲು ಲಕ್ಷಕ್ಕೂ ಮ್ಯಾಲ. ಅರಬ್ಬಿ ಸಮುದ್ರದ ಆ ತಿಮಿಂಗಿಲ ವಲಸಿ ಹೋಗೋ ಜಾತಿ ಅಲ್ಲ, ಹುಟ್ಟೋದೂ ಸಾಯೋದೂ ಇಲ್ಲೇ. ಈಗ ಒಮಾನಿನ ದಂಡಿಗೆ ನೂರೂ ಉಳದಿಲ್ಲ. ಆ ವರ್ಷ ಒಂದು ಹಡಗು ಯಾರರೇ ಅಡ್ಡ ಹಾಕಿದ್ರ?

ಮುತ್ಯಾ: 238?

ಮೊಮ್ಮಗಳು: ಬರೇ ಒಂದು ನವೆಂಬರ್‌ನಾಗ.

ಮುತ್ಯಾ: ಹುಂ. ಅದು ಕಳವೇ. ಕಳವು ಮಾಡೋರನ್ನ ಅಡ್ಡ ಹಾಕ್ಲಕ ನನ್ನ ತಕರಾರಿಲ್ಲ. ಆದ್ರ ಅಡ್ಡ ಹಾಕಿದ ಮ್ಯಾಲ ನಷ್ಟ ಯಾರ ಮ್ಯಾಲ ಬೀಳ್ತದ ಅನ್ನೋದು ನಾ ಕೇಳ್ತೀನಿ. ಅದು ನನಗ ಸಿಂಧನೂರು ಕಲಿಸಿದ್ದು.

ಮೊಮ್ಮಗಳು: ಹತ್ತಿ ಸುಟ್ಟದ್ದು?

ಮುತ್ಯಾ: 1998ರ ನವೆಂಬರ್. ಮಾನ್ಸಾಂಟೊ ಕಂಪನಿಯವರು ನಮ್ಮ ರಾಯಚೂರ ಜಿಲ್ಲಾದಾಗ, ಸಿಂಧನೂರ ಕಡಿ, ಬಿಟಿ ಹತ್ತಿ ಪರೀಕ್ಷಾಕ್ಕಂತ ಬಿತ್ತಿಸಿದ್ರು. ಹೊಲದಾವಗೇ ಅದು ಏನು ಬೀಜ ಅಂತ ಗೊತ್ತಿರಲಿಲ್ಲಂತ ಅವಾಗ ಮಾತು ಬಂತು. ನಮ್ಮ ರೈತ ಸಂಘದ ನಂಜುಂಡಸ್ವಾಮಿಯವರು ಮೊದಲೇ ಸಾರಿದ್ರು. ಇಂಥಲ್ಲಿ ಸುಡ್ತೀವಿ, ಪೇಪರಿನವರು ಬರ್ರಿ, ಹೊಲದಾವನ ನಷ್ಟ ಸಂಘ ತುಂಬಿಕೊಡ್ತದ ಅಂತ. ನಾ ಅಲ್ಲಿಗೆ ಹೋಗಿರಲಿಲ್ಲ. ಹೋಗಿ ಬಂದವರು ಹೇಳಿದ್ದು ಕೇಳಿ ಮೈ ಝುಂ ಅಂದಿತ್ತು. ಅದಕ್ಕೂ ಮೊದಲು 1992ರಾಗ ಬೆಂಗಳೂರಾಗ ಕಾರ್ಗಿಲ್ ಕಂಪನಿ ಆಫೀಸಿಗೆ ಹೊಕ್ಕು ಕಾಗದ ಹೊರಗ ಒಗದಿದ್ರು, ಮುಂದಿನ ವರ್ಷ ಬಳ್ಳಾರಿಯಾಗ ಅದರ ಕಟ್ಟಡ ಕೆಡವಿದ್ರು. ಜೀವಕ್ಕ ಪೆಟ್ಟು ಕೊಟ್ರ ಹಿಂಸಾ, ವಸ್ತು ಮುರದ್ರ ಹಿಂಸಾ ಅಲ್ಲ, ಅದು ಸಂಘದ ವಾದ. ನಿನ್ನ ಕಪ್ತಾನನ ವಾದಾನೂ ಅದೇ ಕಾಣ್ತದ.

ಮೊಮ್ಮಗಳು: ಅದೇ. ಆಕ್ರಮಣದ ಅಹಿಂಸಾ ಅಂತಾನ. ನಂಜುಂಡಸ್ವಾಮಿಯವರೂ ಕಾನೂನಿನ ಪ್ರೊಫೆಸರೇ ಮುತ್ಯಾ. ಕಾನೂನು ಗೊತ್ತಿಲ್ಲದೇ ಮುರದವರಲ್ಲ.

ಮುತ್ಯಾ: ಮುಂದಿಂದು ಕೇಳು. 2002ರ ಮಾರ್ಚಿಗೆ ದಿಲ್ಲಿಯವರು ಅದೇ ಬೀಜಕ್ಕ ಪರವಾನಗಿ ಕೊಟ್ರು. ಇವತ್ತು ನಮ್ಮ ಸುತ್ತ ಹತ್ತಿ ಹೊಲಕ್ಕ ಹೋಗಿ ನೋಡು, ಎಲ್ಲಾ ಬಿಟಿ. ನಾನೂ ಬಿತ್ತೀನಿ. ಬ್ಯಾರೆ ಬೀಜ ಅಂಗಡ್ಯಾಗ ಸಿಗಂಗೇ ಇಲ್ಲ.

ಮೊಮ್ಮಗಳು: ಅಂದ್ರ ಸುಟ್ಟದ್ದು ದಂಡ?

ಮುತ್ಯಾ: ದಂಡ ಅನ್ನಲಿಕ್ಕೆ ನನಗ ಬಾಯಿ ಬರವಲ್ದು. ಆದ್ರ ಬಿಟಿ ಬದನಿಕಾಯಿ ನಿಂತದ್ದು ಹ್ಯಾಂಗ? 2010ರ ಫೆಬ್ರವರಿಯಾಗ. ಅವಾಗಿನ ಪರಿಸರ ಮಂತ್ರಿ ಜೈರಾಂ ರಮೇಶ ಅವರು ಊರೂರಿಗೆ ಬಹಿರಂಗ ಸಭಾ ಕರದ್ರು, ಬೆಂಗಳೂರಾಗಿಂದಂತೂ ಭಾರಿ ಗದ್ದಲದ ಸಭಾ. ರೈತರು, ವಿಜ್ಞಾನಿಗಳು, ಪರವಾಗಿದ್ದವರು, ವಿರೋಧ ಇದ್ದವರು, ಎಲ್ಲಾ ಮಾತಾಡಿದ್ರು. ಆಮ್ಯಾಲ ತಡೆ ಹಾಕಿದ್ರು. ಅವತ್ತು ಯಾರೂ ಕಡ್ಡಿ ಗೀರಲಿಲ್ಲ.

ಮೊಮ್ಮಗಳು: ಹನ್ನೆರಡು ವರ್ಷದ ಹಿಂದ ಕಡ್ಡಿ ಗೀರದೇ ಇದ್ದಿದ್ರ ಸಭಾ ಕರೀತಿದ್ರೇನು? ಬೀಜದಾಗ ಏನೋ ಅದ ಅಂತ ದೇಶಕ್ಕ ಗೊತ್ತಾದದ್ದೇ ಆ ಬೆಂಕಿಯಿಂದ.

ಮುತ್ಯಾ: ಕರೀತಿದ್ರೋ ಇಲ್ಲೋ. ಅದನ್ನ ನೀನೂ ಸಾಧಿಸ್ಲಕ ಬರಂಗಿಲ್ಲ, ನಾನೂ.

ನಿಜ ಹೇಳಬೇಕೆಂದರೆ ಈ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ. ಚಳವಳಿಯೊಂದು ಗೆದ್ದರೆ ಗೆಲುವು ಬೆಂಕಿಯದೋ ಸಭೆಯದೋ ಎಂದು ಬೇರ್ಪಡಿಸಿ ತೂಗಿದವರನ್ನು ನಾನು ಕಂಡಿಲ್ಲ. ಮುದುಕರು ಅಷ್ಟರಲ್ಲಿ ತಮ್ಮ ಮನಸ್ಸಿಗೆ ತೀರಾ ಹತ್ತಿರದ ಕಥೆಗೆ ಹೊರಳಿದ್ದರು. ಹೇಳುವಾಗ ದನಿ ಸ್ವಲ್ಪ ಏರಿತು.

ಮುತ್ಯಾ: ನೇರ ಕ್ರಮ ಅಂದ್ರ ನನಗ ಕುಸನೂರು. ಹಾನಗಲ್ಲ ತಾಲೂಕಿಂದು, ಅವಾಗ ಧಾರವಾಡ ಜಿಲ್ಲಾ. ಊರ ಗೋಮಾಳ, ಹುಲ್ಲುಗಾವಲು ಎಲ್ಲಾ ಸರ್ಕಾರ ಹರಿಹರದ ಕಂಪನಿ ಸಂಗಾಟ ಕೂಡಿ ಕರ್ನಾಟಕ ಪಲ್ಪ್‌ವುಡ್ ಅಂತ ಮಾಡಿ, ನೀಲಗಿರಿ ಹಚ್ಚಲಕ ಕೊಟ್ಟುಬಿಟ್ಟಿತ್ತು. ಹತ್ತಿರ ಹತ್ತಿರ ಮೂವತ್ತು ಸಾವಿರ ಹೆಕ್ಟೇರು. ದನಕ್ಕ ಮೇವಿಲ್ಲ, ಒಲಿಗೆ ಕಟ್ಟಿಗಿ ಇಲ್ಲ. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯದವರು ಊರವರನ್ನ ಕೂಡಿಸಿ 1987ರ ನವೆಂಬರ್ 14ಕ್ಕ ಸತ್ಯಾಗ್ರಹ ಮಾಡಿದ್ರು. ಹೆಸರೇ ‘ಕಿತ್ತಿಕೊ-ಹಚ್ಚಿಕೊ’. ನೀಲಗಿರಿ ಸಸಿ ಕಿತ್ತರು. ಕಿತ್ತ ಕೈಯಿಂದಲೇ ಊರಿಗೆ ಬೇಕಾದ ಗಿಡ ಹಚ್ಚಿದ್ರು. ಹಗಲಿನಾಗ, ಪೊಲೀಸರ ಮುಂದೇ. ಆ ಕಡಿ ಸುಪ್ರೀಂ ಕೋರ್ಟಿನಾಗ ಕೇಸೂ ನಡಸಿದ್ರು. 1991ರಾಗ ಆ ಕಂಪನಿ ಮುಚ್ಚಿತು. ನಿನ್ನ ಕಪ್ತಾನ ಕಿತ್ತದ್ದು ಕೇಳಿದೆ. ಹಚ್ಚಿದ್ದೇನು?

ಮೊಮ್ಮಗಳು: ಕಡಲಿನಾಗ ಹಚ್ಚೋದೇನದ ಮುತ್ಯಾ? ಬಿಡಬೇಕು, ಅಷ್ಟೇ. ನೀಲಗಿರಿ ಕಿತ್ತು ಸುಮ್ಮ ಬಿಟ್ರ ಗೋಮಾಳ ಹಾಳು ಬೀಳ್ತಿತ್ತೋ ಏನೋ. ತಿಮಿಂಗಿಲ ಹಂಗಲ್ಲ. ದಕ್ಷಿಣ ಅಮೆರಿಕಾದ ಮೂಡಣ ದಂಡಿಗೆ ಬರೋ ಗೂನುಬೆನ್ನಿನ ತಿಮಿಂಗಿಲ ಒಂದು ಕಾಲಕ್ಕ ನಾಲ್ಕುನೂರ ಐವತ್ತಕ್ಕ ಇಳದಿತ್ತು. ಹೊಡಿಯೋದು ಬಿಟ್ರು. ಈಗ ಇಪ್ಪತ್ತೈದು ಸಾವಿರದ ಸನೇಕ ಅದ. ಯಾರೂ ಮರಿ ತಂದು ಬಿಡಲಿಲ್ಲ, ಯಾರೂ ನೀರು ಹಾಕಲಿಲ್ಲ. ತಡದದ್ದೇ ಹಚ್ಚಿದ್ದು.

ಮುತ್ಯಾ: ಈ ಮಾತು ಒಪ್ಪಿದೆ. ಆದ್ರ ಆ ಇಪ್ಪತ್ತೈದು ಸಾವಿರ ನಿನ್ನ ಕಪ್ತಾನ ಉಳಸಿದ್ದಲ್ಲ. ಕಾಗದದ ಕಾನೂನು ಉಳಸಿದ್ದು, ನೀ ಟೊಳ್ಳು ಅಂದೆಲ್ಲ, ಅದು. ಇನ್ನ ಹಗಲು-ರಾತ್ರಿ ಲೆಕ್ಕ. ಕುಸನೂರಿನವರು ಹಿಡೀರಿ ಅಂತ ನಿಂತ್ರು. ಇವರು ರೇಕ್ಯಾವಿಕ್ಕಿನಾಗ ರಾತ್ರಿ ಮುಳುಗಿಸಿ ಓಡಿಹೋದ್ರು.

ಮೊಮ್ಮಗಳು: ಮುಳುಗಿಸಿದವರು ಹೋದ್ರು. ವಾಟ್ಸನ್ 1988ರಾಗ ತಾನೇ ವಿಮಾನ ಹತ್ತಿ ಐಸ್‌ಲ್ಯಾಂಡಿಗೆ ಹೋಗಿ, ಕೇಸು ಹಾಕ್ರಿ ಅಂದ. ಅವರು ಕೇಸು ಹಾಕದೇ ವಾಪಸ್ ಕಳಿಸಿದ್ರು.

ಮುತ್ಯಾ: ಶಾಬಾಶ್. ಅದು ಗಂಡಸುತನ. ಮುಂದೂ ಹಂಗೇ ನಿಂತನೋ?

ಮೊಮ್ಮಗಳು: ಇಲ್ಲ. 2012ರಾಗ ಜರ್ಮನಿಯಾಗ ಹಿಡದಿದ್ರು. ಜಾಮೀನಿನ ಮ್ಯಾಲಿದ್ದಾಗ ತಪ್ಪಿಸಿಕೊಂಡ. ಜಪಾನಿಗೆ ಒಪ್ಪಿಸ್ತಾರಂತ ಅಂಜಿಕಿ.

ಮುತ್ಯಾ: ಅಂದ್ರ ಒಂದು ಸಲ ಸತ್ಯಾಗ್ರಹಿ, ಒಂದು ಸಲ ಫರಾರಿ.

ಮೊಮ್ಮಗಳು: ಎರಡೂ ಹೌದು. ಕೆಲಸ ಆತೋ ಇಲ್ಲೋ ಅದು ಕೇಳು. 2010-11ರ ಬೇಟೆಗೆ ಜಪಾನಿನ ಹಡಗು ದಕ್ಷಿಣ ಸಾಗರಕ್ಕ ಹೋದಾಗ ಮಿಂಕಿ ತಿಮಿಂಗಿಲ ಒಂದೇ ಎಂಟುನೂರರ ಮ್ಯಾಲ ಹೊಡಿಯೋ ಗುರಿ ಇತ್ತು. ಎಲ್ಲಾ ಸೇರಿ 172 ಹೊಡದು, ಸೀ ಶೆಫರ್ಡಿನವರ ಕಾಟ ತಾಳವಲ್ದು ಅಂತ ಫೆಬ್ರವರಿಯಾಗೇ ಹೊಳ್ಳಿ ಹೋದ್ರು. ಕೋರ್ಟಿನ ತೀರ್ಪು ಬಂದದ್ದು ಅದಾಗಿ ಮೂರು ವರ್ಷಕ್ಕ. ಆ ಮೂರು ವರ್ಷದಾಗ ಉಳದ ಜೀವ ಯಾರ ಲೆಕ್ಕಕ್ಕ ಹಾಕ್ತಿ?

ಮುತ್ಯಾ: ಅವರ ಲೆಕ್ಕಕ್ಕೇ ಹಾಕು. ತೀರ್ಪು ಏನಾತು?

ಮೊಮ್ಮಗಳು: ಆಸ್ಟ್ರೇಲಿಯಾದವರು ಹಾಕಿದ ಕೇಸು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2014ರ ಮಾರ್ಚ್ 31ಕ್ಕ ತೀರ್ಪು ಕೊಡ್ತು. ಈ ಬೇಟೆ ಸಂಶೋಧನಾದ ಸಲುವಾಗಿ ಅಂತ ಒಪ್ಪಲಿಕ್ಕೆ ಬರಂಗಿಲ್ಲ, ಪರವಾನಗಿ ರದ್ದು ಮಾಡ್ರಿ ಅಂತ. ಹನ್ನೆರಡು ಮಂದಿ ಪರ, ನಾಲ್ಕು ಮಂದಿ ವಿರೋಧ. ಪರ ಇದ್ದವರಾಗ ನಮ್ಮ ದೇಶದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಅವರೂ ಒಬ್ಬರು. ಗುರಿ ಅಷ್ಟಿತ್ತು, ಹೊಡದದ್ದು ಇಷ್ಟೇ ಯಾಕ ಅಂತ ಕೇಳಿದ್ದಕ್ಕ ಜಪಾನು ಕೊಟ್ಟ ಕಾರಣದಾಗ ಸೀ ಶೆಫರ್ಡಿನವರ ಅಡ್ಡಿ ಅನ್ನೋದೂ ಇತ್ತು.

ಮುತ್ಯಾ: ತೀರ್ಪಿನ ಮ್ಯಾಲ ನಿಂತಿತೇನು?

ಮೊಮ್ಮಗಳು: ಒಂದು ವರ್ಷ ನಿಂತ್ರು. ಹೊಸಾ ಯೋಜನಾ ಬರದು, 2015-16ಕ್ಕ ಮತ್ತ ಹೋಗಿ 333 ಹೊಡದ್ರು. ಕಡೀಕ 2019ರ ಜೂನ್ 30ಕ್ಕ ಆಯೋಗಾನೇ ಬಿಟ್ಟು ಹೊರಗ ಬಂದ್ರು. ಅವತ್ತಿನಿಂದ ದಕ್ಷಿಣ ಸಾಗರಕ್ಕ ಬೇಟೆಗೆ ಹೋಗಿಲ್ಲ. ತಮ್ಮ ಕಡಲಿನಾಗ ಮಾತ್ರ ಬಹಿರಂಗ ವ್ಯಾಪಾರದ ಬೇಟೆ ಮಾಡ್ತಾರ.

ಮುತ್ಯಾ: ನೋಡು ಮತ್ತ. ಕೋರ್ಟು ಹೇಳ್ತು, ನಿಲ್ಲಲಿಲ್ಲ. ಹಡಗು ಅಡ್ಡ ಬಂತು, ನಿಲ್ಲಲಿಲ್ಲ. ಅಲ್ಲಿಯ ಮಂದಿಗೆ ತಿಮಿಂಗಿಲ ತಿನ್ನೋದು ಅಷ್ಟು ಬೇಕೇನು?

ಮೊಮ್ಮಗಳು: ಅದೇ ಇಲ್ಲ. 1962ರ ಸುಮಾರಿಗೆ ವರ್ಷಕ್ಕ ಎರಡು ಲಕ್ಷ ಟನ್ನಿಗೂ ಮ್ಯಾಲ ತಿಂತಿದ್ರು. ಯುದ್ಧದ ಮ್ಯಾಲಿನ ಬರಗಾಲದ ಊಟ ಅದು, ಸಾಲಿ ಹುಡುಗರಿಗೂ ಅದೇ ಹಾಕ್ತಿದ್ರು. ಈಗ ಕೆಲವೇ ಸಾವಿರ ಟನ್ನಿಗೆ ಬಂದದ. ಹರೇದವರು ರುಚೀನೂ ನೋಡಿಲ್ಲ.

ಮುತ್ಯಾ: ಹಂಗಿದ್ರ ಯಾಕ ಬಿಡವಲ್ರು? ನಾ ಹೇಳ್ತೀನಿ ಕೇಳು. ಮನ್ಯಾಗ ಗಂಡ ಹೆಂಡ್ತಿ ಬಡದಾಡ್ಲಕತ್ತಾಗ ಓಣಿಯಾವ ಬಂದು ಗಂಡನ ಬೈದ್ರ ಹೆಂಡ್ತಿ ಬಾರಿಗಿ ತಗೊಂಡು ಓಣಿಯಾವನ ಮ್ಯಾಲೇ ಬರ್ತಾಳ. ಬಿಳೇ ಮಂದಿ ಹಡಗು ತಂದು ನಿಮ್ಮ ಊಟ ಪಾಪ ಅಂದಾಗ, ತಿನ್ನಲಾರದ ಜಪಾನೀನೂ ಇದು ನಮ್ಮ ಊಟ ಅಂದಿರಬೇಕು. ಮತ್ತ ಒಂದು. ನೂರು ವರ್ಷ ತಿಮಿಂಗಿಲ ಕೊಂದು ಎಣ್ಣಿ ತಗದು ದೀಪ ಹಚ್ಚಿದವರು ಯಾರು? ಅವರೇ ಅಲ್ಲೇನು? ತಮ್ಮ ಹೊಟ್ಟಿ ತುಂಬಿದ ಮ್ಯಾಲ ಇನ್ನೊಬ್ಬರ ತಾಟಿನಾಗ ಕೈ ಹಾಕೋದು.

ಮೊಮ್ಮಗಳು: ಆ ಮಾತು ಹೇಳೋರು ಭಾಳ ಮಂದಿ ಇದ್ದಾರ, ಪೂರಾ ಸುಳ್ಳಲ್ಲ. ಆದ್ರ ವಾಟ್ಸನ್ ಬರೇ ಜಪಾನಿನ ಬೆನ್ನ ಹತ್ತಿಲ್ಲ. ಮುಳುಗಿಸಿದ್ದು ಐಸ್‌ಲ್ಯಾಂಡಿನ ಹಡಗು. 1979ರಾಗ ಪೋರ್ಚುಗಲ್ಲಿನ ದಂಡಿಗೆ ಡಿಕ್ಕಿ ಹೊಡದದ್ದು ಸಿಯೆರಾ ಅನ್ನೋ ಕಳ್ಳ ಬೇಟೆ ಹಡಗಿಗೆ. ಮತ್ತ ಅಜ್ಜಂದಿರು ಪಾಪ ಮಾಡ್ಯಾರಂತ ಮೊಮ್ಮಕ್ಕಳು ಪಾಪ ಅನ್ನಬಾರದೇನು? ಹಂಗಂದ್ರ ನಾವು ಜಾತಿ ಮಾತೂ ಎತ್ತಬಾರದು.

ಮುತ್ಯಾ: ಬಾಯಿಗೆ ಬಾಯಿ ಕೊಡ್ತಿ. ಆತು, ಕಡೀ ಮಾತು. ಅವರು ಜೀವ ಪಣಕ್ಕ ಇಡ್ತಾರ, ಮಂಜಿನ ನೀರಿನಾಗ. ಒಪ್ಪಿದೆ, ದೊಡ್ಡ ಗುಂಡಿಗಿ. ನೀ ಏನು ಇಡ್ತಿ? ರಾವೂರಿನ ಕಟ್ಟಿ ಮ್ಯಾಲ ಕುಂತು ಫೋನಿನಾಗ ಮುನ್ನೂರು ರೂಪಾಯಿ ಒತ್ತಿ, ನಾನೂ ಹೋರಾಟದಾಗ ಇದ್ದೀನಿ ಅಂತಿ. ಡಿಕ್ಕಿ ಆದ್ರ ಸಾಯೋದು ಯಾರೋ ಹುಡುಗ. ಕೇಸಾದ್ರ ಜೈಲಿಗೆ ಹೋಗೋದು ಯಾರೋ. ಮುರಿಯೋ ಕೆಲಸಕ್ಕ ದೂರದಿಂದ ರೊಕ್ಕ ಕೊಡೋದು ನನಗ ಸೇರವಲ್ದು. ದನದ ಗಾಡಿ ತಡಿಯೋರಿಗೂ ರೊಕ್ಕ ದೂರದಿಂದೇ ಬರ್ತದ.

ಮೊಮ್ಮಗಳು: ನೀ ರಸ್ತೆ ತಡಿಯೋ ಚಳವಳಿಗೆ ಹೋಗಿ ಠಾಣೆದಾಗ ಕುಂತಾಗ, ಮನಿಯಿಂದ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದಾಕಿ ಯಾರು?

ಮುತ್ಯಾ: ನಿಮ್ಮ ಆಯಿ.

ಮೊಮ್ಮಗಳು: ಬರೇ ನಿನಗಲ್ಲ, ನಿನ್ನ ಸಂಗಾಟ ಕುಂತವರಿಗೆಲ್ಲಾ. ಆಕಿ ರಸ್ತೆಗೆ ಬರಲಿಲ್ಲ, ಲಾಠಿ ತಿನ್ನಲಿಲ್ಲ. ಆಕಿ ಹೋರಾಟದಾಗ ಇರಲಿಲ್ಲಂತ ಹೇಳ್ತೀಯೇನು?

ಮುತ್ಯಾ: ಆಕಿ ಮನ್ಯಾಗ ಒಬ್ಬಾಕೀನೇ ಮೂರು ಮಕ್ಕಳು, ಎರಡು ಎತ್ತು ನೋಡಿಕೊಂಡು ರೊಟ್ಟಿ ಬಡದಾಳ. ಆಕಿಗೆ ನಷ್ಟ ಬಿತ್ತು. ನಿನಗ ಏನು ಬಿತ್ತು?

ಮೊಮ್ಮಗಳು: ತಿಂಗಳಿಗೆ ಎರಡು ಸಾವಿರ ಗಳಿಸೋದರಾಗ ಮುನ್ನೂರು. ಪುಸ್ತಕ ಕಡಿಮಿ ತಗೋತೀನಿ. ಸಣ್ಣದೇ, ಆದ್ರ ನಂದೇ. ನೀ ಹೇಳಿದಂಗ ನಷ್ಟ ಯಾರ ಮ್ಯಾಲ ಬೀಳ್ತದ ಅನ್ನೋದೇ ಲೆಕ್ಕ ಆದ್ರ, ಜಪಾನಿನ ಖಲಾಶಿ ಕೂಲಿ ಹೋದೀತು ಅಂತ ನನಗೂ ಅನಸ್ತದ. ನೀನೂ ಗಣಿಯಾಗ ಕೂಲಿ ಮಾಡಿದಾವ, ಅದಕ್ಕೇ ನಿನಗ ಮೊದಲು ಅವನೇ ಕಾಣ್ತಾನ. ನನಗ ಆ 238 ಕಾಣ್ತಾವ.

ಮುತ್ಯಾ: ಗಣಿ ಬಂದ್ ಮಾಡ್ರಿ ಅಂತ ಹೊರಗಿನವರು ಬಂದಾಗ ನಮ್ಮ ಹೊಟ್ಟಿ ಕೇಳಿದವರು ಕಡಿಮಿ, ಯವ್ವಾ. ಅದು ಮರೀಲಕ ಆಗವಲ್ದು.

ಮೊಮ್ಮಗಳು: ಮರೀಬ್ಯಾಡ. ಆದ್ರ ಆ ಮಾತು ಹಿಡಕೊಂಡು ಯಾರನ್ನೂ ಯಾವಾಗಲೂ ಅಡ್ಡ ಹಾಕಬಾರದು ಅಂದ್ರ ಕುಸನೂರಿನವರೂ ಹೋಗಬಾರದಿತ್ತು ಅಂತ ಆಗ್ತದ.

ಮುತ್ಯಾ: ಕುಸನೂರಿನವರು ತಮ್ಮ ಗೋಮಾಳಕ್ಕ ಹೋದ್ರು.

ಮೊಮ್ಮಗಳು: ದಕ್ಷಿಣ ಸಾಗರ ಯಾರ ಗೋಮಾಳ?

ಮುದುಕರು ಇದಕ್ಕೆ ಉತ್ತರ ಕೊಡಲಿಲ್ಲ. ಯಾರ ದೇಶಕ್ಕೂ ಸೇರದ ಕಡಲು ಎಲ್ಲರದೂ ಹೌದೋ, ಯಾರದೂ ಅಲ್ಲವೋ ಎಂಬುದನ್ನು ಹೇಗ್‌ನ ನ್ಯಾಯಮೂರ್ತಿಗಳೂ ನೇರವಾಗಿ ತೀರ್ಮಾನಿಸಿಲ್ಲ. ಅವರು ನೋಡಿದ್ದು ಪರವಾನಗಿ ಕಾಗದವನ್ನು ಮಾತ್ರ. ಕೊನೆಗೆ ಮುತ್ಯಾ ಒಂದು ಷರತ್ತು ಹಾಕಿದರು.

ಮುತ್ಯಾ: ಕಳಿಸ್ತಿ ಅಂದ್ರ ಕಳಿಸು, ನಿನ್ನ ದುಡಿಮಿ. ಆದ್ರ ವರ್ಷಕ್ಕೊಮ್ಮೆ ಲೆಕ್ಕ ಕೇಳು. ಎಣ್ಣಿಗೆ ಎಷ್ಟು, ವಕೀಲರಿಗೆ ಎಷ್ಟು, ಕಪ್ತಾನನ ಫೋಟೋಕ್ಕ ಎಷ್ಟು ಅಂತ. ಮನುಷ್ಯಾಗ ಪೆಟ್ಟಾದ ಸುದ್ದಿ ಬಂದ ತಿಂಗಳ ಕಳಿಸಬ್ಯಾಡ.

ಮೊಮ್ಮಗಳು: ಲೆಕ್ಕ ಕೇಳ್ತೀನಿ. ಎರಡನೇದಕ್ಕ ಮಾತು ಕೊಡಂಗಿಲ್ಲ. ಪೆಟ್ಟು ಯಾರಿಂದ ಆತು ಅಂತ ನೋಡೇ ಹೇಳ್ತೀನಿ.

ಮುತ್ಯಾ: ವಕೀಲಳಾಗ್ತಿ ಬಿಡು.

ಅವಳು ಆ ತಿಂಗಳ ಹಣ ಕಳಿಸಿದಳು. ಅಜ್ಜ ಇವತ್ತಿಗೂ ಒಪ್ಪಿಲ್ಲ. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆಯನ್ನು ಬಿಡದ ದೇಶಗಳು ಈಗ ಮೂರು: ನಾರ್ವೆ, ಐಸ್‌ಲ್ಯಾಂಡ್, ಜಪಾನ್. ಜಪಾನು 2024ರಲ್ಲಿ ಕಾಂಗೆಯಿ ಮಾರು ಎಂಬ ಹೊಸ ತಾಯಿ ಹಡಗನ್ನು ಬೇಟೆಗೆ ಇಳಿಸಿತು. ಅದೇ ವರ್ಷ, ನೀಲಿ ತಿಮಿಂಗಿಲದ ನಂತರ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿಯಾದ ಫಿನ್ ತಿಮಿಂಗಿಲವನ್ನೂ ಹೊಡೆಯುವ ಪಟ್ಟಿಗೆ ಸೇರಿಸಿಕೊಂಡಿತು. ಆ ಹಡಗನ್ನು ಕಟ್ಟಿರುವುದು ದಕ್ಷಿಣ ಸಾಗರದವರೆಗೂ ಹೋಗಿಬರುವಷ್ಟು ಶಕ್ತಿ ಇರುವಂತೆ.